ಚೆಶೈರ್ ಐಪೀಸ್: ಕನ್ನಡಿ ತೊಳೆದವರಿಗೆ ಬೇಕೇ ಬೇಕು

ಮಲೆನಾಡಿನಲ್ಲಿ ಮಳೆಗಾಲ ಮುಗಿಸಿ ದೂರದರ್ಶಕದ ಮುಚ್ಚಳ ತೆಗೆದರೆ ಕನ್ನಡಿಯ ಮೇಲೆ ಧೂಳಿನ ಜೊತೆ ಬೂಷ್ಟಿನ ಚುಕ್ಕಿಗಳೂ ಕಾಣುತ್ತವೆ. ಬರೀ ಧೂಳಾದರೆ ಹಾಗೇ ಬಿಡಿ, ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಕಿದರೆ ಸಾಕು. ಬೂಷ್ಟಾದರೆ ಮಾತ್ರ ತೊಳೆಯಲೇಬೇಕು. ತೊಳೆಯಲು ಕನ್ನಡಿ ಬಿಚ್ಚಬೇಕು, ಬಿಚ್ಚಿದರೆ ತಳದ ದೊಡ್ಡ ಕನ್ನಡಿ, ಬಾಯಿಯ ಹತ್ತಿರದ ಚಿಕ್ಕ ಕನ್ನಡಿ ಎರಡರ ಜೋಡಣೆ ತಪ್ಪುತ್ತದೆ. ಅದನ್ನು ಮತ್ತೆ ಕೂರಿಸಲು ನಾನು ನೆಚ್ಚಿಕೊಂಡಿರುವುದು ಈ ಚೆಶೈರ್ ಐಪೀಸನ್ನು.

ಒಂದೂಕಾಲು ಇಂಚಿನ ಕಪ್ಪು ಲೋಹದ ಕೊಳವೆ ಅಷ್ಟೆ. ಒಂದು ತುದಿಯಲ್ಲಿ ಅಡ್ಡ ಉದ್ದ ಎರಡು ತಂತಿ, ಇನ್ನೊಂದು ತುದಿಯಲ್ಲಿ ಕಣ್ಣಿಡಲು ಸಣ್ಣ ತೂತು, ನಡುವೆ ಪಕ್ಕದ ಕಿಂಡಿಯ ಬೆಳಕನ್ನು ಕನ್ನಡಿಯತ್ತ ತಿರುಗಿಸುವ 45 ಡಿಗ್ರಿ ಓರೆಯ ಹೊಳಪಿನ ಮೈ. ಬ್ಯಾಟರಿ ಬೇಡ, ಕೆಡುವಂಥದ್ದೇನೂ ಇಲ್ಲ.

ಮೊದಲು ಇದೇ ಜೋಡಣೆಗೆಂದು ಲೇಸರ್ ಕಿರಣ ಬಿಡುವ ಒಂದು ಅಗ್ಗದ ಲೇಸರ್ ಕಾಲಿಮೇಟರ್ ತರಿಸಿದ್ದೆ. ಐಪೀಸ್ ಕೂರಿಸುವ ಫೋಕಸರ್‌ನಲ್ಲಿಟ್ಟು ಮೆಲ್ಲಗೆ ತಿರುಗಿಸಿದರೆ ಕೆಂಪು ಚುಕ್ಕೆ ನಿಂತಲ್ಲಿ ನಿಲ್ಲದೆ ಸುತ್ತು ಹಾಕುತ್ತಿತ್ತು. ಲೇಸರ್ ತನ್ನ ಕೊಳವೆಗೇ ನೇರವಾಗಿಲ್ಲ ಎಂದರ್ಥ. ಅದನ್ನು ನಂಬಿ ಸ್ಕ್ರೂ ತಿರುಗಿಸಿದರೆ ಸರಿಯಿದ್ದ ಕನ್ನಡಿಯೂ ಓರೆಯಾಗುತ್ತದೆ. ಲೇಸರ್ ಇರುವವರು ಈ ಪರೀಕ್ಷೆ ಮಾಡದೆ ಬಳಸಬೇಡಿ.

ನನ್ನದು ಸ್ಕೈವಾಚರ್‌ನ 8 ಇಂಚಿನ ಡಾಬ್ಸೋನಿಯನ್ (ಪೆಟ್ಟಿಗೆಯಂಥ ಪೀಠದ ಮೇಲೆ ತಿರುಗುವ ಕನ್ನಡಿ ದೂರದರ್ಶಕ), 1200 ಮಿ.ಮೀ. ಫೋಕಲ್ ಲೆಂತ್, ಅಂದರೆ ದೊಡ್ಡ ಕನ್ನಡಿಯಿಂದ ಬಿಂಬ ಮೂಡುವಲ್ಲಿಗಿರುವ ದೂರ. ಹಗಲಲ್ಲಿ ದೂರದರ್ಶಕದ ಕೊಳವೆಯನ್ನು ಸುಣ್ಣ ಬಳಿದ ಗೋಡೆಗೆ ತಿರುಗಿಸಿ ಚೆಶೈರ್ ಹಾಕಿ ನೋಡುತ್ತೇನೆ. ದೊಡ್ಡ ಕನ್ನಡಿಯ ನಡುವಿನ ಉಂಗುರದ ಗುರುತು ತಂತಿಗಳು ಕೂಡುವಲ್ಲಿ ಬರುವವರೆಗೆ ಚಿಕ್ಕ ಕನ್ನಡಿಯ ಸ್ಕ್ರೂಗಳನ್ನು, ಆಮೇಲೆ ಕನ್ನಡಿಯಲ್ಲಿ ಕಾಣುವ ಚೆಶೈರ್‌ನ ಹೊಳೆಯುವ ಬಿಲ್ಲೆಯ ನಡುವಿನ ಕಪ್ಪು ಚುಕ್ಕೆ ಆ ಉಂಗುರದೊಳಗೆ ಕೂರುವವರೆಗೆ ದೊಡ್ಡ ಕನ್ನಡಿಯ ಹಿಂದಿನ ಸ್ಕ್ರೂಗಳನ್ನು ತಿರುಗಿಸುತ್ತೇನೆ. ಕಪ್ಪು ಚುಕ್ಕೆ ಜರುಗುತ್ತ ಜರುಗುತ್ತ ಉಂಗುರದ ನಟ್ಟನಡುವೆ ಬಂದು ನಿಲ್ಲುವುದನ್ನು ನೋಡುವ ಖುಷಿಯೇ ಬೇರೆ. ಚಿಕ್ಕ ಕನ್ನಡಿಯ ಸ್ಕ್ರೂ ಮುಟ್ಟುವಾಗ ಮಾತ್ರ ಕೊಳವೆಯನ್ನು ಅಡ್ಡ ಮಲಗಿಸಿಕೊಳ್ಳಿ. ಇಲ್ಲವಾದರೆ ಕೈಜಾರಿದ ಅಲೆನ್ ಕೀ (ಸ್ಕ್ರೂ ತಿರುಗಿಸುವ ಆರು ಮೂಲೆಯ ಕಡ್ಡಿ) ನೇರ ಕೆಳಗಿನ ಕನ್ನಡಿಯ ಮೇಲೇ ಬೀಳುತ್ತದೆ.

ಕೊರತೆಯೂ ಇದೆ. ಇಷ್ಟುದ್ದದ ಕೊಳವೆಯಲ್ಲಿ ತೂತಿಗೆ ಕಣ್ಣಿಟ್ಟುಕೊಂಡೇ ಹಿಂದಿನ ಸ್ಕ್ರೂಗೆ ಕೈ ಹಾಕಲು ಆಗುವುದಿಲ್ಲ. ನಮ್ಮನೆಯಲ್ಲಿ ಮಗಳು ಹಿಂದೆ ಕೂತು “ಅಪ್ಪಾ, ಇನ್ನೂ ತಿರುಗಿಸ್ಲಾ?” ಎನ್ನುತ್ತಾಳೆ, ನಾನು ನೋಡಿ ಹೇಳುತ್ತೇನೆ. ಒಬ್ಬರೇ ಮಾಡುವುದಾದರೆ ಓಡಾಟ ತಪ್ಪಿದ್ದಲ್ಲ. ಕತ್ತಲಲ್ಲಿ ಕಿಂಡಿಗೆ ಟಾರ್ಚ್ ಹಿಡಿಯಬೇಕು.

ಕನ್ನಡಿ ತೊಳೆಯುವ ವಿಷಯಕ್ಕೂ ಎರಡು ಮಾತು. ಹದಿನೆಂಟನೇ ಶತಮಾನದ ಖಗೋಳಜ್ಞ ವಿಲಿಯಂ ಹರ್ಷೆಲ್‌ನ ಕಾಲದ ಕನ್ನಡಿಗಳು ತಾಮ್ರ ತವರದ ಮಿಶ್ರಲೋಹದವು, ಮಂಕಾದರೆ ಮತ್ತೆ ಉಜ್ಜಿ ಹೊಳಪು ಕೊಡಬಹುದಿತ್ತು. ನಮ್ಮದು ಗಾಜಿನ ಮೇಲೆ ಸುಮಾರು 100 ನ್ಯಾನೊಮೀಟರ್ ದಪ್ಪದ ಅಲ್ಯುಮಿನಿಯಂ ಪದರ, ಉಜ್ಜಿದರೆ ಹೋಯಿತು. ಟಬ್ಬಿನಲ್ಲಿ ಹಳೇ ಟವೆಲ್ ಹಾಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಬೆರೆಸಿದ ನೀರಲ್ಲಿ ಕನ್ನಡಿಯನ್ನು ಸ್ವಲ್ಪ ಹೊತ್ತು ನೆನೆಯಲು ಬಿಡಿ. ಮೆಡಿಕಲ್ ಶಾಪಿನ ಹತ್ತಿಯನ್ನು ನೀರೊಳಗೇ, ಒತ್ತದೆ, ಅದರ ತೂಕಕ್ಕೇ ಎಳೆಯಿರಿ. ಪ್ರತಿ ಎಳೆತಕ್ಕೂ ಹೊಸ ಹತ್ತಿ. ಕೊನೆಗೆ ಡಿಸ್ಟಿಲ್ಡ್ ವಾಟರ್ ಸುರಿದು ಓರೆಯಾಗಿ ನಿಲ್ಲಿಸಿ ಒಣಗಿಸಿ. ಬೋರ್‌ವೆಲ್ ನೀರು ಹಾಗೇ ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ನಡುವಿನ ಉಂಗುರವನ್ನು ಕಸವೆಂದು ಕೀಳಬೇಡಿ. ಅದು ಚಿಕ್ಕ ಕನ್ನಡಿಯ ನೆರಳಲ್ಲೇ ಇರುವುದರಿಂದ ನೋಟಕ್ಕೆ ಅಡ್ಡ ಬರುವುದಿಲ್ಲ, ಅದಿಲ್ಲದೆ ಚೆಶೈರ್‌ಗೂ ಕೆಲಸವಿಲ್ಲ.

ಜೋಡಣೆಯ ಕೊನೆಯ ಪರೀಕ್ಷೆಗೆ ಧ್ರುವನಕ್ಷತ್ರ ನೋಡಿ ಎನ್ನುತ್ತಾರೆ, ಅದು ಜರುಗುವುದಿಲ್ಲವೆಂದು. ನಮ್ಮೂರಲ್ಲಿ ಅದು ದಿಗಂತದಿಂದ 14 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಫೋಕಸ್ ತುಸು ತಪ್ಪಿಸಿದಾಗ ನಕ್ಷತ್ರದಲ್ಲಿ ಕಾಣುವ ಬೆಳಕಿನ ಉಂಗುರಗಳು ಗಾಳಿಯ ಕಲಕಾಟಕ್ಕೆ ನಡುಗುತ್ತವೆ. ನೆತ್ತಿಯ ಕಡೆಗಿರುವ ನಕ್ಷತ್ರವನ್ನೇ ಹಿಡಿಯಿರಿ.

ಕೊಳ್ಳುವಾಗ ತಂತಿ ಇರುವ ಉದ್ದನೆಯ ಮಾದರಿಯನ್ನೇ ಆರಿಸಿ. ತಂತಿಯಿಲ್ಲದ ಗಿಡ್ಡ ಮಾದರಿಯಲ್ಲಿ ಚಿಕ್ಕ ಕನ್ನಡಿಯನ್ನು ಸರಿಯಾಗಿ ಕೂರಿಸುವುದು ಕಷ್ಟ.