ಪೋಸ್ಟ್‌ಗ್ರೆಸ್‌ನಲ್ಲಿ ಕೀ ಫೀಲ್ಡ್‌ಗೆ ಯಾವ ಇಂಡೆಕ್ಸ್? ಬಿ-ಟ್ರೀ, ಹ್ಯಾಶ್, ಬ್ರಿನ್ ಹೋಲಿಕೆ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಒಂದು ಕೋಟಿ ಸಾಲುಗಳ ಆರ್ಡರ್ ಟೇಬಲ್ ಇದೆ ಎನ್ನಿ: ಬಿಗ್‌ಇಂಟ್ (8 ಬೈಟ್‌ನ ಪೂರ್ಣಾಂಕ) ಐಡಿ, ಗ್ರಾಹಕ ಐಡಿ, ಆರ್ಡರ್ ದಿನಾಂಕ. ಒಂದೊಂದೇ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಬಳಸುವ ಸೂಚಿ) ಕಟ್ಟಿ, ಕ್ವೆರಿ ಹೇಗೆ ಓಡಿತೆಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್‌ಗೆ ಬಫರ್ಸ್ ಸೇರಿಸಿ ಓಡಿಸಿ. ಮಿಲಿಸೆಕೆಂಡ್ ನೋಡಿ ತೀರ್ಮಾನಿಸಬೇಡಿ, ಎರಡನೇ ಸಲ ಡೇಟಾ ಕ್ಯಾಶ್‌ನಲ್ಲೇ ಸಿಕ್ಕಿಬಿಡುತ್ತದೆ. ಎಷ್ಟು ಪೇಜ್ (ಡೇಟಾ ಇಡುವ 8 ಕೆಬಿಯ ತುಂಡು) ಮುಟ್ಟಿತು ಎಂಬುದೇ ನಿಜವಾದ ಅಳತೆ.

ಐಡಿ ಮೇಲಿನ ಬಿ-ಟ್ರೀ (ಮೌಲ್ಯಗಳನ್ನು ಕ್ರಮವಾಗಿ ಜೋಡಿಸಿಟ್ಟ ಇಂಡೆಕ್ಸ್) ಸುಮಾರು 214 ಎಂಬಿ ಆಗುತ್ತದೆ. ಅದೇ ಫೀಲ್ಡ್‌ಗೆ ಹ್ಯಾಶ್ (ಮೌಲ್ಯದಿಂದ ಲೆಕ್ಕ ಹಾಕಿದ ಚಿಕ್ಕ ಸಂಖ್ಯೆಯ ಮೇಲಿನ ಇಂಡೆಕ್ಸ್) ಕಟ್ಟಿದರೆ ಜಾಗವೇನೂ ಉಳಿಯುವುದಿಲ್ಲ, ಇನ್ನೂ ಹೆಚ್ಚೇ ಬೇಕಾಗುತ್ತದೆ. ಜೊತೆಗೆ ಹ್ಯಾಶ್‌ಗೆ 'ಸಮ' ಎಂಬ ಹುಡುಕಾಟ ಮಾತ್ರ ಗೊತ್ತು. ಯೂನಿಕ್ ಮಾಡಲಾಗದು, ಎರಡು ಕಾಲಂ ಸೇರಿಸಲಾಗದು. ಉದ್ದುದ್ದ ಯುಆರ್‌ಎಲ್‌ಗಳನ್ನು ಪೂರ್ತಿ ಹೊಂದಿಸಿ ಹುಡುಕುವ ಕಡೆ ಮಾತ್ರ ಅದಕ್ಕೆ ಬೆಲೆ. ಅಲ್ಲಿ ಅದು ಇಡೀ ಪಠ್ಯದ ಬದಲು 4 ಬೈಟ್‌ನ ಹ್ಯಾಶ್ ಮಾತ್ರ ಇಟ್ಟುಕೊಳ್ಳುತ್ತದೆ.

ಬ್ರಿನ್ 100 ಕೆಬಿಯೊಳಗೇ ಮುಗಿಯುತ್ತದೆ. ಪ್ರತಿ 128 ಪೇಜ್‌ಗೆ, ಅಂದರೆ 1 ಎಂಬಿಗೆ, ಕನಿಷ್ಠ ಮತ್ತು ಗರಿಷ್ಠ ಮೌಲ್ಯ ಬರೆದಿಡುತ್ತದೆ, ಅಷ್ಟೇ. ದಿನಾಂಕದ ಕ್ರಮದಲ್ಲೇ ಸಾಲುಗಳು ಸೇರುತ್ತಿದ್ದರೆ ಚೆನ್ನ. ಗ್ರಾಹಕ ಐಡಿ ಟೇಬಲ್ ತುಂಬ ಚದುರಿರುವುದರಿಂದ ಅಲ್ಲಿ ಬ್ರಿನ್ ಹಾಕಿದರೆ ಹೆಚ್ಚುಕಡಿಮೆ ಇಡೀ ಟೇಬಲ್ ಓದಿದಂತೆಯೇ. ಪಿಜಿ-ಸ್ಟ್ಯಾಟ್ಸ್ ಎಂಬ ಅಂಕಿಅಂಶದ ಪಟ್ಟಿಯಲ್ಲಿ ಕೋರಿಲೇಶನ್ (ಕಾಲಂನ ಕ್ರಮಕ್ಕೂ ಸಾಲುಗಳು ಡಿಸ್ಕ್‌ನಲ್ಲಿರುವ ಕ್ರಮಕ್ಕೂ ಇರುವ ಹೊಂದಾಣಿಕೆ) 1 ಅಥವಾ -1ರ ಹತ್ತಿರ ಇಲ್ಲದಿದ್ದರೆ ಬ್ರಿನ್ ಬೇಡ.

ನಿಜವಾದ ಪೈಪೋಟಿ ಇರುವುದು ಎರಡು ಬಿಡಿ ಬಿ-ಟ್ರೀಗಳಿಗೂ ಎರಡು ಕಾಲಂ ಸೇರಿಸಿದ ಒಂದೇ 'ಜೋಡಿ' ಬಿ-ಟ್ರೀಗೂ ನಡುವೆ. 'ಈ ಗ್ರಾಹಕರ ಇತ್ತೀಚಿನ 20 ಆರ್ಡರ್' ಎಂಬ ಕ್ವೆರಿ ತೆಗೆದುಕೊಳ್ಳಿ. ಗ್ರಾಹಕ ಐಡಿ ಮೊದಲು, ದಿನಾಂಕ ನಂತರ ಇರುವ ಜೋಡಿ ಇಂಡೆಕ್ಸ್ ನೇರ ಆ ಗ್ರಾಹಕರ ಕೊನೆಯ ಆರ್ಡರ್‌ಗೆ ಹೋಗಿ, ಹಿಂದಕ್ಕೆ 20 ಸಾಲು ಓದಿ ನಿಲ್ಲುತ್ತದೆ, ಸಾರ್ಟ್ ಬೇಕಿಲ್ಲ. ಬಿಡಿ ಇಂಡೆಕ್ಸ್‌ಗಳಿದ್ದರೆ ಪ್ಲ್ಯಾನರ್ (ಕ್ವೆರಿ ಓಡಿಸುವ ದಾರಿ ಆರಿಸುವ ಭಾಗ) 20ರ ಲಿಮಿಟ್ ನೋಡಿ ದಿನಾಂಕದ ಇಂಡೆಕ್ಸನ್ನೇ ಹಿಂದಿನಿಂದ ಸೋಸುತ್ತಾ ಹೋಗಬಹುದು. ದಿನವೂ ಕೊಳ್ಳುವವರಿಗೆ ಉತ್ತರ ತಟ್ಟನೆ ಬರುತ್ತದೆ, ಎರಡು ವರ್ಷದಿಂದ ಬಾರದ ಗ್ರಾಹಕರಿಗೆ ಲಕ್ಷಾಂತರ ಸಾಲು ಓದಿ ಎಸೆಯುತ್ತದೆ. ಟೆಸ್ಟಿಂಗ್‌ನಲ್ಲಿ ಸಿಗದೆ ಪ್ರೊಡಕ್ಷನ್‌ನಲ್ಲಿ ಕಾಡುವ ದೋಷ ಇದು. ಹಾಗಾಗಿ ಜೋಡಿಯನ್ನೇ ಆರಿಸಿ, 'ಸಮ' ಹುಡುಕಾಟದ ಕಾಲಂ ಸದಾ ಮೊದಲಿರಲಿ. ಗ್ರಾಹಕ ಐಡಿಗೆ ಆಮೇಲೆ ಬೇರೆ ಇಂಡೆಕ್ಸ್ ಸಾಮಾನ್ಯವಾಗಿ ಬೇಕಾಗದು.

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೋಡಿಬಿ ಎಂಜಿನ್ ಫಾರಿನ್ ಕೀಗೆ (ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕಾಲಂ, ಇಲ್ಲಿ ಗ್ರಾಹಕ ಐಡಿ) ತಾನೇ ಇಂಡೆಕ್ಸ್ ಮಾಡುತ್ತದೆ, ಪೋಸ್ಟ್‌ಗ್ರೆಸ್ ಮಾಡುವುದಿಲ್ಲ. ಅದಿಲ್ಲದಿದ್ದರೆ ಒಬ್ಬ ಗ್ರಾಹಕರನ್ನು ಡಿಲೀಟ್ ಮಾಡಿದಾಗಲೂ ಆರ್ಡರ್ ಟೇಬಲ್ ಪೂರ್ತಿ ಓದಬೇಕಾಗುತ್ತದೆ. ಮೇಲಿನ ಜೋಡಿ ಇಂಡೆಕ್ಸ್ ಈ ಕೆಲಸಕ್ಕೂ ಆಗುತ್ತದೆ.

ಚಾಲ್ತಿಯಲ್ಲಿರುವ ಟೇಬಲ್ ಮೇಲೆ ಕ್ರಿಯೇಟ್ ಇಂಡೆಕ್ಸ್ ಕನ್ಕರೆಂಟ್ಲಿ ಬಳಸಿ, ಇಲ್ಲವಾದರೆ ಮುಗಿಯುವ ತನಕ ಇನ್ಸರ್ಟ್, ಅಪ್‌ಡೇಟ್ ಎಲ್ಲ ಕಾಯುತ್ತವೆ. ಅದನ್ನು ಟ್ರಾನ್ಸಾಕ್ಷನ್ ಒಳಗೆ ಓಡಿಸಲಾಗದು. ನಡುವೆ ಕೆಟ್ಟರೆ ಇನ್‌ವ್ಯಾಲಿಡ್ ಇಂಡೆಕ್ಸ್ ಉಳಿದುಬಿಡುತ್ತದೆ: ಕ್ವೆರಿಗೆ ಉಪಯೋಗವಿಲ್ಲ, ಬರೆಯುವಾಗಿನ ಹೊರೆ ಮಾತ್ರ ತಪ್ಪದು. ಅದನ್ನು ಡ್ರಾಪ್ ಮಾಡಿಯೇ ಮತ್ತೆ ಕಟ್ಟಿ.