ಮಳೆಗಾಲ ತಿಂದ ಸ್ಲೈಡುಗಳು ಮತ್ತು ಪ್ಲಸ್ಟೆಕ್ ಆಪ್ಟಿಕ್‌ಫಿಲ್ಮ್ 8200ಐ ಸ್ಕ್ಯಾನರ್

ಕಾಫಿ ಕೊಯ್ಲು ಮುಗಿದ ಮೇಲೆ ಕೊಡಗಿನ ವಿರಾಜಪೇಟೆ ಬಳಿಯ ನಮ್ಮ ಮನೆಯ ಅಟ್ಟದಿಂದ ಇಳಿಸಿದ ತಗಡಿನ ಪೆಟ್ಟಿಗೆಯಲ್ಲಿ ತಂದೆಯವರು ತೆಗೆದ ಸುಮಾರು ನಾನೂರು ಸ್ಲೈಡುಗಳೂ (ಪುಟ್ಟ ಚೌಕಟ್ಟಿನಲ್ಲಿ ಕೂರಿಸಿದ ಫಿಲ್ಮ್ ಚಿತ್ರಗಳು), ಅದಕ್ಕಿಂತ ಹೆಚ್ಚು ನೆಗೆಟಿವ್‌ಗಳೂ ಇದ್ದವು. ಹಲವು ಸ್ಲೈಡುಗಳ ಮೇಲೆ ಜೇಡರ ಬಲೆಯಂತೆ ಬೂಷ್ಟು ಹರಡಿತ್ತು. ಫಿಲ್ಮಿನ ಮೇಲಿರುವ ಜೆಲಟಿನ್ ಪದರವೇ ಬೂಷ್ಟಿಗೆ ಆಹಾರ. ಗಾಳಿಯ ತೇವಾಂಶ ಶೇಕಡಾ 60ನ್ನು ದಾಟಿ ಬಹಳ ದಿನ ನಿಂತರೆ ಅದು ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಜಿಲ್ಲೆಯಲ್ಲಿ ಆ ಪೆಟ್ಟಿಗೆಯನ್ನು ಇನ್ನೊಂದು ಮಳೆಗಾಲಕ್ಕೆ ಒಪ್ಪಿಸುವ ಧೈರ್ಯ ನನಗಾಗಲಿಲ್ಲ.

ಮೊದಲು ಮೂವತ್ತು ಸ್ಲೈಡುಗಳನ್ನು ನಗರದ ಒಂದು ಅಂಗಡಿಗೆ ಕೊಟ್ಟು ನೋಡಿದೆ. ಅಂಚು ಕತ್ತರಿಸಿದ, ಬೂಷ್ಟಿನ ಕಲೆಗಳು ಹಾಗೆಯೇ ಉಳಿದ ಸಣ್ಣ ಜೆಪೆಗ್ ಚಿತ್ರಗಳು ಬಂದವು. ಆ ಬಳಿಕವೇ ಫಿಲ್ಮನ್ನು ಓದಿ ಕಂಪ್ಯೂಟರ್ ಚಿತ್ರವಾಗಿಸುವ ಪ್ಲಸ್ಟೆಕ್ 8200ಐ ಸ್ಕ್ಯಾನರನ್ನು ಸ್ವಂತಕ್ಕೆ ಕೊಂಡೆ.

ಸುಮಾರು ಒಂದೂವರೆ ಕಿಲೋ ತೂಗುವ ಈ ಸ್ಕ್ಯಾನರ್ 35 ಮಿ.ಮೀ. ಫಿಲ್ಮಿಗೆ ಮಾತ್ರ ಮೀಸಲು. ನಾಲ್ಕು ಸ್ಲೈಡುಗಳಿಗೆ ಒಂದು ಚೌಕಟ್ಟು, ಆರು ಚಿತ್ರಗಳ ನೆಗೆಟಿವ್ ಪಟ್ಟಿಗೆ ಇನ್ನೊಂದು ಚೌಕಟ್ಟು ಜೊತೆಗೆ ಬರುತ್ತದೆ. ಒಂದು ಚಿತ್ರ ಮುಗಿದ ಮೇಲೆ ಚೌಕಟ್ಟನ್ನು ಕೈಯಿಂದಲೇ ಮುಂದಕ್ಕೆ ತಳ್ಳಬೇಕು.

ಇದಕ್ಕಿಂತ ಅಗ್ಗದ 8100 ಮಾದರಿಯನ್ನು ಬಿಟ್ಟು ಇದನ್ನೇ ಆರಿಸಿದ್ದಕ್ಕೆ ಕಾರಣ ಇದರಲ್ಲಿರುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, 8100ರಲ್ಲಿ ಅದಿಲ್ಲ. ಬಣ್ಣದ ಫಿಲ್ಮಿನ ವರ್ಣದ್ರವ್ಯಗಳ ಮೂಲಕ ಇನ್‌ಫ್ರಾರೆಡ್ ಸರಾಗವಾಗಿ ಹಾದುಹೋಗುತ್ತದೆ, ಆದರೆ ಧೂಳು, ಗೀರು, ಬೂಷ್ಟಿನ ಎಳೆಗಳು ಅದನ್ನು ತಡೆಯುತ್ತವೆ. ಹೀಗೆ ಸಿಕ್ಕ ಕಲೆಗಳ ನಕ್ಷೆಯನ್ನು ಆಧರಿಸಿ ಸಿಲ್ವರ್‌ಫಾಸ್ಟ್ ತಂತ್ರಾಂಶವು ಆಯಾ ಜಾಗವನ್ನು ಅಕ್ಕಪಕ್ಕದ ಬಣ್ಣದಿಂದ ತುಂಬುತ್ತದೆ. ಕೊಡವರ ಸುಗ್ಗಿ ಹಬ್ಬವಾದ ಪುತ್ತರಿಯ ದಿನ ಕದಿರು ತೆಗೆಯಲು ಗದ್ದೆಗೆ ಹೊರಟ ಹಿರಿಯರ ಒಂದು ಚಿತ್ರದಲ್ಲಿ ಆಕಾಶವೆಲ್ಲ ಬೂಷ್ಟಿನ ಬಲೆಯಾಗಿತ್ತು. ಸ್ಕ್ಯಾನ್ ಆದ ಮೇಲೆ ಅದರ ಗುರುತು ಹುಡುಕಬೇಕಾಯಿತು. ಆ ಒಂದು ಚಿತ್ರಕ್ಕೇ ಯಂತ್ರದ ಬೆಲೆ ಸಂದಿತೆಂದು ನನ್ನ ತಾಯಿ ಹೇಳಿದರು. ನನಗೂ ಹಾಗೆಯೇ ಅನ್ನಿಸಿತು.

ಆದರೆ ಈ ವಿದ್ಯೆಗೆ ಮಿತಿಗಳಿವೆ. ಕಪ್ಪು-ಬಿಳುಪು ಫಿಲ್ಮಿನ ಚಿತ್ರ ಬೆಳ್ಳಿಯ ಕಣಗಳಿಂದಾದದ್ದು, ಬೆಳ್ಳಿ ಇನ್‌ಫ್ರಾರೆಡನ್ನು ತಡೆಯುತ್ತದೆ. ಹಾಗಾಗಿ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮಿಗೂ ಪೂರ್ವ ಜರ್ಮನಿಯ ಓರ್ವೊ ಕಪ್ಪು-ಬಿಳುಪು ಫಿಲ್ಮಿಗೂ ಈ ಸೌಲಭ್ಯವನ್ನು ಬಂದ್ ಮಾಡಿಯೇ ಇಡಬೇಕು. ವಿದೇಶದಲ್ಲಿದ್ದ ಬಂಧುಗಳು ತಂದುಕೊಟ್ಟ ಕೊಡಾಕ್ರೋಮ್ ಸ್ಲೈಡುಗಳಲ್ಲೂ ಎಚ್ಚರ ಬೇಕು, ಏಕೆಂದರೆ ಅದರ ದಟ್ಟ ಭಾಗಗಳನ್ನು ತಂತ್ರಾಂಶ ಕಲೆಯೆಂದು ತಪ್ಪು ತಿಳಿದು ವಿವರಗಳನ್ನು ಅಳಿಸಬಹುದು. ಬೂಷ್ಟು ಜೆಲಟಿನ್‌ಅನ್ನೇ ತಿಂದುಹಾಕಿದ ಕಡೆ ಯಾವ ಬೆಳಕೂ ಏನೂ ಮಾಡಲಾರದು. ಅಂಥ ಸ್ಲೈಡುಗಳನ್ನು ದಯವಿಟ್ಟು ನೀರಿನಲ್ಲಿ ತೊಳೆಯಬೇಡಿ: ಬೂಷ್ಟು ತಗುಲಿದ ಜೆಲಟಿನ್ ನೀರಿನಲ್ಲಿ ಕರಗುವ ಗುಣ ಪಡೆದಿರುತ್ತದೆ, ಚಿತ್ರವೇ ತೊಳೆದುಹೋಗಬಹುದು. ನಾನು ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿ, ಅಗತ್ಯವಿದ್ದಲ್ಲಿ ಮಾತ್ರ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಹಗುರವಾಗಿ ಒರೆಸಿದೆ.

ನೆರಳಿನ ವಿವರಗಳನ್ನು ಪರೀಕ್ಷಿಸಲು ಕೊಡವರ ಮದುವೆಯ ಚಿತ್ರಕ್ಕಿಂತ ಒಳ್ಳೆಯ ವಸ್ತು ಬೇರೊಂದಿಲ್ಲ. ಮದುಮಗನ ಬಿಳಿ ಕುಪ್ಯ (ಕೊಡವ ಗಂಡಸರ ನಿಲುವಂಗಿ) ಬಿಸಿಲಿನಲ್ಲಿ, ಸುತ್ತಲಿನ ಗಂಡಸರ ಕಪ್ಪು ಕುಪ್ಯ ಐನ್‌ಮನೆಯ (ಕುಟುಂಬದ ಮೂಲ ಮನೆಯ) ಕೈಸಾಲೆಯ ನೆರಳಿನಲ್ಲಿ: ಒಂದು ಬಾರಿಯ ಸಾಮಾನ್ಯ ಸ್ಕ್ಯಾನ್‌ನಲ್ಲಿ ಕಪ್ಪೆಲ್ಲ ಒಂದೇ ಮುದ್ದೆಯಾಗಿ ಕಂಡಿತು. ಒಂದೇ ಚಿತ್ರವನ್ನು ಹೆಚ್ಚು ಬೆಳಕಿನಲ್ಲಿ ಮತ್ತೊಮ್ಮೆ ಓದಿ ಎರಡನ್ನೂ ಬೆಸೆಯುವ ‘ಮಲ್ಟಿ ಎಕ್ಸ್‌ಪೋಶರ್’ ಸೌಲಭ್ಯವನ್ನು ಬಳಸಿದಾಗ ಕುಪ್ಯದ ಮಡಿಕೆಗಳೂ, ಸೊಂಟದ ಕೆಂಪು ಪಟ್ಟಿಯಾದ ಚೇಲೆಗೆ ಸಿಕ್ಕಿಸಿದ ಪೀಚೆಕತ್ತಿ ಎಂಬ ಬಾಕಿನ ಹಿಡಿಯೂ ಬೇರೆಬೇರೆಯಾಗಿ ಕಾಣಿಸಿದವು. ಸಮಯ ಹೆಚ್ಚು ಹಿಡಿಯುತ್ತದೆ, ಆದರೂ ಸ್ಲೈಡುಗಳಿಗೆ ನಾನು ಇದನ್ನು ಬಿಡುವುದಿಲ್ಲ. ಬಣ್ಣದ ನೆಗೆಟಿವ್‌ಗಳ ಕಿತ್ತಳೆ ಛಾಯೆಯನ್ನು ತಂತ್ರಾಂಶ ತಾನೇ ಕಳೆಯುತ್ತದೆ. ಫಿಲ್ಮಿನ ಹೆಸರನ್ನು ಸರಿಯಾಗಿ ಆರಿಸಿದರೆ ಸಾಕು.

ಪೆಟ್ಟಿಗೆಯ ಮೇಲೆ ಮುದ್ರಿಸಿರುವ 7200 ಡಿಪಿಐ (ಇಂಚಿಗೆ ಓದುವ ಚುಕ್ಕೆಗಳ ಸಂಖ್ಯೆ) ಅಂಕಿಯನ್ನು ನೋಡಿ ಯಾರೂ ಕೊಳ್ಳಬೇಕಿಲ್ಲ. ಆ ಮಟ್ಟದಲ್ಲಿ ಬಣ್ಣದ ವಿವರಗಳನ್ನೆಲ್ಲ ಉಳಿಸುವ 48 ಬಿಟ್ ಟಿಫ್ ಕಡತವೊಂದು 400 ಎಂ.ಬಿ. ದಾಟುತ್ತದೆ. 3600ರಲ್ಲಿ ಸುಮಾರು 17 ಮೆಗಾಪಿಕ್ಸೆಲ್‌ನ, 100 ಎಂ.ಬಿ. ಆಸುಪಾಸಿನ ಕಡತ ಸಿಗುತ್ತದೆ. ತಂದೆಯವರು ಕೈಯಲ್ಲೇ ಹಿಡಿದು ತೆಗೆದ ಚಿತ್ರಗಳಿಗೆ ಅದು ಧಾರಾಳ. ಅದಕ್ಕಿಂತ ಮೇಲೆ ಹೋದಾಗ ನನಗೆ ಕಂಡದ್ದು ಫಿಲ್ಮಿನ ಕಣಗಳೇ ಹೊರತು ಹೊಸ ಮುಖಗಳಲ್ಲ.

ಒಂದು ಸ್ಲೈಡಿಗೆ ಒರೆಸುವುದು, ಸ್ಕ್ಯಾನ್, ಹೆಸರು ಬರೆಯುವುದು ಎಲ್ಲ ಸೇರಿ ಆರೇಳು ನಿಮಿಷ ಬೇಕಾಯಿತು. ಸಂಜೆಗೆ ಇಪ್ಪತ್ತಕ್ಕಿಂತ ಹೆಚ್ಚು ಮಾಡಲು ನಾನು ಹೋಗಲಿಲ್ಲ. ತಾಯಿಯವರು ಪಕ್ಕದಲ್ಲಿ ಕುಳಿತು ಇದು ಯಾರ ಮದುವೆ, ಇದು ಯಾವ ವರ್ಷದ ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಎಂದು ಹೇಳುತ್ತಿದ್ದರು, ನಾನು ಕಡತದ ಹೆಸರಿನಲ್ಲೇ ಅದನ್ನು ಬರೆದುಕೊಳ್ಳುತ್ತಿದ್ದೆ. ಇನ್ನೂ ವೇಗದ ಯಂತ್ರವಿದ್ದಿದ್ದರೆ ಅಷ್ಟು ಹೆಸರುಗಳು ದಾಖಲಾಗುತ್ತಿರಲಿಲ್ಲ. ಕರೆಂಟು ಹೋದರೆ ಅರ್ಧದಲ್ಲಿದ್ದ ಚಿತ್ರವನ್ನು ಮೊದಲಿನಿಂದ ಓದಿಸಬೇಕಾದ್ದರಿಂದ ಒಂದು ಯುಪಿಎಸ್ ಅವಶ್ಯ.

ಕೊಳ್ಳುವ ಮೊದಲು ಮನೆಯಲ್ಲಿರುವ ಫಿಲ್ಮಿನ ಅಳತೆಯನ್ನು ನೋಡಿಕೊಳ್ಳಿ. ಅಗ್ಫಾ ಕ್ಲಿಕ್ 3 ಕ್ಯಾಮೆರಾದ 6×6 ಸೆಂ.ಮೀ. ನೆಗೆಟಿವ್‌ಗಳು 35 ಮಿ.ಮೀ.ಗಿಂತ ಅಗಲವಾದ, 120 ಎಂಬ ಅಳತೆಯ ಫಿಲ್ಮಿನವು. ಅವು ಈ ಯಂತ್ರದ ಬಾಯಿಗೆ ಹೋಗುವುದೇ ಇಲ್ಲ. ಅವಕ್ಕೆ ಎಪ್ಸನ್ ವಿ600ನಂಥ, ಮುಚ್ಚಳದಲ್ಲಿ ದೀಪವಿರುವ ಚಪ್ಪಟೆ ಸ್ಕ್ಯಾನರ್ ಬೇಕು. ನಮ್ಮ ಪೆಟ್ಟಿಗೆಯಲ್ಲಿ ಅಂಥವು ಎಂಬತ್ತೆರಡು ಇವೆ. ಸದ್ಯಕ್ಕೆ ಅವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಅಟ್ಟಕ್ಕೆ ಏರಿಸದೆ ಕಪಾಟಿನಲ್ಲೇ ಇರಿಸಿದ್ದೇನೆ.