ಬಂದೂಕು ಚರ್ಚೆ: ಅಮೆರಿಕದ ಪಕ್ಷವೋ, ಆಸ್ಟ್ರೇಲಿಯದ ಪಕ್ಷವೋ?

ನಾಗರಿಕರ ಕೈಗೆ ಬಂದೂಕು ಬೇಕೇ, ಅದರಿಂದ ಅಂತರ್ಯುದ್ಧ ಆಗುತ್ತದೆಯೇ ಎಂಬ ಚರ್ಚಾಸ್ಪರ್ಧೆಗೆ ಯಾವ ದೇಶದ ಮಾದರಿ ಹಿಡಿಯಲಿ ಅಂತ ಕೇಳಿದ್ದೀರಿ. ಸರ್ಕಾರಕ್ಕೆ ಲಗಾಮು ಹಾಕುವುದೇ ನಿಮ್ಮ ವಾದವಾದರೆ ಅಮೆರಿಕ ಸುಲಭ: ಬಂದೂಕು ಹೊಂದುವ ಹಕ್ಕು ಹೇಳುವ ಸಂವಿಧಾನದ 1791ರ ಎರಡನೇ ತಿದ್ದುಪಡಿ, ಆ ಹಕ್ಕು ವ್ಯಕ್ತಿಗೇ ಸೇರಿದ್ದು ಎಂದ ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪು ಬೆನ್ನಿಗಿವೆ. ಜೀವರಕ್ಷಣೆ ಮುಖ್ಯವೆಂದರೆ ಆಸ್ಟ್ರೇಲಿಯ. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನ ಗುಂಡಿನ ದಾಳಿಗೆ 35 ಮಂದಿ ಸತ್ತ ಮೇಲೆ ಸರ್ಕಾರ ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ದುಡ್ಡು ಕೊಟ್ಟೇ ವಾಪಸ್ ಪಡೆಯಿತು.

ಅಂತರ್ಯುದ್ಧದ ಪ್ರಶ್ನೆ ಬಂದಾಗ ಮಾತ್ರ ಎರಡೂ ವಾದ ಜಾರುತ್ತವೆ. 1861ರಲ್ಲಿ ಅಮೆರಿಕ ಒಡೆದದ್ದು ಗುಲಾಮಗಿರಿಯ ಮೇಲೆ. ಸೇನೆ ಕಟ್ಟಿದ್ದು ರಾಜ್ಯಗಳು, ಮನೆಯಲ್ಲಿ ಬಂದೂಕಿದ್ದ ಒಂಟಿ ನಾಗರಿಕರಲ್ಲ. ಎದುರಾಳಿ, ಬಂದೂಕೂ ಅಂತರ್ಯುದ್ಧವೂ ಕಂಡ ಯೆಮೆನ್ ಉದಾಹರಣೆ ಎತ್ತಿದರೆ ನೀವು ಸ್ವಿಟ್ಜರ್ಲೆಂಡ್ ಎತ್ತಿ: ಅಲ್ಲೂ ಕೋವಿ ಧಾರಾಳ, ಕಾಳಗವಿಲ್ಲ. ತೀರ್ಪುಗಾರರು ಕನ್ನಡಿಗರಾದರೆ, ಕೊಡವರಿಗಿರುವ ಲೈಸೆನ್ಸ್ ವಿನಾಯಿತಿಯನ್ನು ಕೊನೆಗೆ ಉಳಿಸಿಕೊಳ್ಳಿ. ಅದು ಅಮೆರಿಕ ಪಕ್ಷಕ್ಕೇ ಹೆಚ್ಚು ಒಗ್ಗುತ್ತದೆ.